ಸ್ಟುಟ್‌ಗಾರ್ಟ್‌ನಲ್ಲಿ ಬೆಂಜ್ ಕಾರು: ಶೋಕಿಯೋ, ಇಷ್ಟವೋ?

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳಾಯಿತು, ಆಫೀಸಿನ ಪಾರ್ಕಿಂಗ್ ತುಂಬ ಬೆಂಜ್, ಪೋರ್ಶೆ, ಆಡಿ ಕಾಣುತ್ತವೆ ಎಂದು ಬರೆದಿದ್ದೀರಿ. ಇಲ್ಲಿನವರು ಅಂತಸ್ತು ತೋರಿಸಲು ಕೊಳ್ಳುತ್ತಾರಾ, ಇಷ್ಟಪಟ್ಟು ಕೊಳ್ಳುತ್ತಾರಾ, ನಾನೂ ಒಂದು ತಗೊಳ್ಳಲಾ ಎಂದು ಕೇಳಿದ್ದೀರಿ. ಆ ಪಾರ್ಕಿಂಗ್ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ಅಲ್ಲಿ ನಿಂತಿರುವ ಎಷ್ಟೋ ಕಾರುಗಳನ್ನು ಓಡಿಸುವವರು ಕೊಂಡೇ ಇಲ್ಲ.

ಜರ್ಮನಿಯಲ್ಲಿ ಹೊಸದಾಗಿ ನೋಂದಣಿಯಾಗುವ ಕಾರುಗಳಲ್ಲಿ ಮೂರರಲ್ಲಿ ಎರಡು ಪಾಲು ಕಂಪನಿಗಳು, ಬಾಡಿಗೆ ಸಂಸ್ಥೆಗಳು, ಡೀಲರ್‌ಗಳ ಹೆಸರಿನಲ್ಲಿರುತ್ತವೆ. ಕಂಪನಿ ಕೊಡುವ ಕಾರಿಗೆ ಇಲ್ಲಿ ಡೀನ್ಸ್ಟ್‌ವಾಗನ್ ಅನ್ನುತ್ತಾರೆ. ಅದನ್ನು ಮನೆಯ ಓಡಾಟಕ್ಕೂ ಬಳಸಿದರೆ, ಕಾರಿನ ಪಟ್ಟಿ ಬೆಲೆಯ ಶೇಕಡಾ 1ರಷ್ಟನ್ನು ಪ್ರತಿ ತಿಂಗಳು ನಿಮ್ಮ ಸಂಬಳಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಮನೆಯಿಂದ ಆಫೀಸಿನ ದೂರಕ್ಕೆ ಬೇರೆ ಲೆಕ್ಕ ಇದೆ. 60,000 ಯೂರೊ ಕಾರು ಅಂದರೆ ತಿಂಗಳಿಗೆ 600 ಯೂರೊ ಜಾಸ್ತಿ ಸಂಬಳ ಬಂದಂತೆ ಲೆಕ್ಕ. ಅದೇ ಬೆಲೆಯ ಎಲೆಕ್ಟ್ರಿಕ್ ಕಾರಾದರೆ ಕಾಲು ಭಾಗ, 150 ಯೂರೊ ಅಷ್ಟೇ. ಗಮನಿಸಿ, ಇದು ಕಟ್ಟಬೇಕಾದ ತೆರಿಗೆ ಅಲ್ಲ, ತೆರಿಗೆ ಬೀಳುವ ಮೊತ್ತ. ನಿಮ್ಮ ಪಾರ್ಕಿಂಗ್‌ನಲ್ಲಿ ದೊಡ್ಡ ಎಲೆಕ್ಟ್ರಿಕ್ ಕಾರುಗಳು ಯಾಕಿಷ್ಟು ಅನ್ನುವುದಕ್ಕೆ ಉತ್ತರ ಬಹುಪಾಲು ಇಲ್ಲೇ ಇದೆ. ಇದರ ಜೊತೆಗೆ ಕಾರು ಕಾರ್ಖಾನೆಗಳ ನೌಕರರಿಗೆ ರಿಯಾಯಿತಿಯಲ್ಲಿ ಹೊಸ ಕಾರು ಸಿಗುತ್ತದೆ. ಬೆಂಜ್ ಕಾರ್ಖಾನೆ ಇರುವ ಸಿಂಡೆಲ್ಫಿಂಗನ್ ಕಡೆ ಬಿಬಿ ನಂಬರಿನ (ಆ ಜಿಲ್ಲೆಯ ನೋಂದಣಿ ಅಕ್ಷರ) ಹೊಸ ಬೆಂಜ್ ಕಂಡರೆ, ಒಳಗೆ ಕೂತವರು ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡುವವರೂ ಆಗಿರಬಹುದು. ಏರ್‌ಪೋರ್ಟ್‌ನಿಂದ ನೀವು ಬಂದ ಟ್ಯಾಕ್ಸಿಯೂ ಬೆಂಜ್ ಇದ್ದಿರಬಹುದು, ಅಲ್ವಾ?

ಹಾಗಂತ ಜರ್ಮನ್ನರಿಗೆ ಅಂತಸ್ತಿನ ಆಸೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ದರ್ಜೆಯ ಮ್ಯಾನೇಜರ್‌ಗೆ ಎಷ್ಟು ಬೆಲೆಯ ಕಾರು ಎಂದು ಎಷ್ಟೋ ಕಂಪನಿಗಳಲ್ಲಿ ನಿಯಮವೇ ಇದೆ. ಬಡ್ತಿ ಬಂದಿದ್ದು ಕಾರು ಬದಲಾದಾಗಲೇ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ತೋರಿಸುವ ರೀತಿ ಬೇರೆ. ಹೊಸ ಕಾರು ಆರ್ಡರ್ ಮಾಡುವಾಗ ಹಿಂಬದಿಯ ಮಾಡೆಲ್ ಹೆಸರು ಬೇಡ ಎಂದು ಬರೆಸಬಹುದು. ದೊಡ್ಡ ಇಂಜಿನ್ ತಗೊಂಡವರೂ ಹಾಗೆ ಬರೆಸುತ್ತಾರೆ, ಚಿಕ್ಕದು ತಗೊಂಡವರೂ ಬರೆಸುತ್ತಾರೆ. ಹಿಂದಿನಿಂದ ನೋಡಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ಇಷ್ಟ ಅಂದರೆ ಏನು ಎಂದು ನಾನು ನೋಡಿದ್ದು ನಮ್ಮ ಪಕ್ಕದ ಮನೆಯವರಲ್ಲಿ. ಅವರದು 1980ರ ದಶಕದ ಡಬ್ಲ್ಯೂ123 ಅನ್ನುವ ಹಳೇ ಮಾಡೆಲ್ ಬೆಂಜ್. ನಂಬರಿನ ಕೊನೆಗೆ ಎಚ್ ಅಕ್ಷರ ಇದೆ. 30 ವರ್ಷ ದಾಟಿ, ಮೂಲ ರೂಪದಲ್ಲೇ ಚೆನ್ನಾಗಿ ಉಳಿದ ಗಾಡಿಗೆ ಅದು ಸಿಗುತ್ತದೆ. ಇಂಜಿನ್ ಎಷ್ಟೇ ದೊಡ್ಡದಿರಲಿ, ವರ್ಷಕ್ಕೆ ಒಂದೇ ತೆರಿಗೆ, 191.73 ಯೂರೊ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ತಗಲಿದರೆ ತುಕ್ಕು ಎಂದು ಅವರು ಕಾರನ್ನು ಶೆಡ್ಡಿನಿಂದ ಹೊರಗೇ ತೆಗೆಯುವುದಿಲ್ಲ. ವಸಂತ ಬಂದ ಮೇಲೆ ಒಂದು ದಿನ ಬಾಗಿಲು ತೆರೆದು, ಕೆಳಗಿನ ರಬ್ಬರ್ ಪಟ್ಟಿಯನ್ನು ಬಟ್ಟೆಯಿಂದ ಬೆರಳು ಬೆರಳಿನಷ್ಟೇ ಒರೆಸುತ್ತಾ ಹೋಗುತ್ತಾರೆ. ಬೆಲೆ ಬಗ್ಗೆ ಒಂದು ಮಾತಿಲ್ಲ. ಸರ್ವೀಸ್ ಪುಸ್ತಕದ ಮುದ್ರೆಗಳನ್ನು ಮಾತ್ರ ಖುಷಿಯಿಂದ ತೋರಿಸುತ್ತಾರೆ. ಯಾರು ನೋಡಲಿ ಬಿಡಲಿ, ಅವರು ಆ ಕೆಲಸ ಬಿಡುವವರಲ್ಲ.

ಹೊಸ ದುಬಾರಿ ಕಾರಿಗೂ ನಿಜವಾದ ಕಾರಣ ಇರುತ್ತದೆ. ಇಲ್ಲಿಂದ ಸಿಂಗನ್ ಕಡೆಗೆ ಹೋಗುವ ಎ81 ಹೆದ್ದಾರಿಯಲ್ಲಿ ವೇಗದ ಮಿತಿಯೇ ಇಲ್ಲದ ಉದ್ದನೆಯ ಭಾಗಗಳಿವೆ. ಗಂಟೆಗೆ 130 ಕಿ.ಮೀ. ಅನ್ನುವುದು ಅಲ್ಲಿ ಸಲಹೆ ಮಾತ್ರ. ಗಾಳಿ, ಮಳೆ ಇರುವ ದಿನ ಆ ವೇಗದಲ್ಲಿ ಚಿಕ್ಕ ಕಾರಿಗೂ ಒಳ್ಳೆಯ ದೊಡ್ಡ ಕಾರಿಗೂ ಇರುವ ವ್ಯತ್ಯಾಸ ನಿಮ್ಮ ಕೈಗೇ ಗೊತ್ತಾಗುತ್ತದೆ. ವಾರವಾರ ಆ ದಾರಿ ಹಿಡಿಯುವವರು ಅದಕ್ಕೆ ದುಡ್ಡು ಕೊಟ್ಟರೆ ನಾನು ಶೋಕಿ ಅನ್ನುವುದಿಲ್ಲ.

ನನ್ನ ಚಿಂತೆ ಇರುವುದು ನಮ್ಮವರ ಬಗ್ಗೆ. ನಾವು ಇಲ್ಲಿ ಓಡಿಸುವ ಕಾರನ್ನು ನೋಡುವವರು ಇಲ್ಲಿಲ್ಲ, ಊರಿನ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. ಬೆಂಗಳೂರಿನಲ್ಲಿ ದೊಡ್ಡ ಕಾರಿಗೆ ಈಗ ಶೇಕಡಾ 40 ಜಿಎಸ್‌ಟಿ, ಅದರ ಮೇಲೆ ರಾಜ್ಯದ ರೋಡ್ ಟ್ಯಾಕ್ಸ್. ಹಾಗಾಗಿ ಅಲ್ಲಿ ಬೆಂಜ್ ಇಟ್ಟವನು ದೊಡ್ಡ ಕುಳ ಎಂದು ಜನ ಅಂದುಕೊಳ್ಳುವುದರಲ್ಲಿ ಅರ್ಥ ಇದೆ. ನಮ್ಮ ಫೋಟೊ ನೋಡಿದ ಚಿಕ್ಕಪ್ಪನೂ ಹಾಗೇ ಅಂದುಕೊಳ್ಳುತ್ತಾರೆ. ಮಗ ಸೆಟಲ್ ಆದ ಎಂದು ಅಮ್ಮನಿಗೆ ಖುಷಿ. ಆ ಖುಷಿ ಕೊಡಬೇಕು ಅನ್ನುವ ಆಸೆ ತಪ್ಪಲ್ಲ, ನನಗೂ ಅದು ಚೆನ್ನಾಗಿ ಅರ್ಥವಾಗುತ್ತದೆ. ಇಲ್ಲಿನ ಕಾರ್ಲ್ಸ್‌ರೂಹೆ ನಗರದ ಗಾಡಿಗಳ ನಂಬರಿನಲ್ಲಿ ನಮ್ಮ ಕರ್ನಾಟಕದ ಹಾಗೇ ಕೆಎ ಕಂಡರೆ ಸಾಕು, ನಮ್ಮ ಹುಡುಗರು ಮೊಬೈಲ್ ತೆಗೆಯುತ್ತಾರೆ. ಊರಿನ ಸೆಳೆತ ಅಂಥದ್ದು.

ಆದರೆ ಇಲ್ಲಿ ಲೀಸ್, ಅಂದರೆ ತಿಂಗಳ ಕಂತು ಕಟ್ಟಿ ಕಾರನ್ನು ಬಾಡಿಗೆಗೆ ಇಟ್ಟುಕೊಳ್ಳುವುದು, ಸಾಮಾನ್ಯವಾಗಿ 36 ಅಥವಾ 48 ತಿಂಗಳ ಕಟ್ಟು. ಮಧ್ಯದಲ್ಲಿ ಬಿಟ್ಟು ಬರುವುದು ಸುಲಭವಲ್ಲ. ನಿಮ್ಮ ಪ್ರೊಬೇಷನ್ನೇ 6 ತಿಂಗಳಿರುತ್ತದೆ, ವೀಸಾ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದ ಹುಡುಗರು ಬೇರೆ ಕೆಲಸ ಹುಡುಕುತ್ತಾ, ಕಂತನ್ನೂ ಕಟ್ಟುತ್ತಾ ಒದ್ದಾಡಿದ್ದನ್ನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ. ಹೊಸಬರಿಗೆ ವಿಮೆಯೂ ದುಬಾರಿ, ಯಾಕೆಂದರೆ ಅಪಘಾತವಿಲ್ಲದೆ ಓಡಿಸಿದ ಇಲ್ಲಿನ ದಾಖಲೆ ನಿಮ್ಮ ಹತ್ತಿರ ಇಲ್ಲ.

ನೀವು ಮೊದಲು ಲೈಸೆನ್ಸ್ ನೋಡಿಕೊಳ್ಳಿ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಪಾಸಾಗಬೇಕು. ಥಿಯರಿ ಇಂಗ್ಲಿಷಿನಲ್ಲೂ ಬರೆಯಬಹುದು. ಅಲ್ಲಿವರೆಗೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸಿನಲ್ಲಿ ಎಸ್-ಬಾನ್ (ನಗರ ರೈಲು) ಹತ್ತಿ. ಲೈಸೆನ್ಸ್ ಬಂದ ಮೇಲೂ ಬೆಂಜೇ ಬೇಕು ಅನ್ನಿಸಿದರೆ ಖಂಡಿತ ತಗೊಳ್ಳಿ, ಆದರೆ ಲೀಸ್ ಮುಗಿಸಿ ಬಂದ ಮೂರು ವರ್ಷದ ಕಾರು ನೋಡಿ. ಸಹಿ ಹಾಕುವ ಮುಂಚೆ ಅದೇ ಮಾಡೆಲ್ ಒಂದು ವಾರಾಂತ್ಯ ಬಾಡಿಗೆಗೆ ತನ್ನಿ. ಬ್ಲ್ಯಾಕ್ ಫಾರೆಸ್ಟ್ ಅನ್ನುವ ಬೆಟ್ಟ ಕಾಡಿನ ಪ್ರದೇಶದ ಬಿ500 ರಸ್ತೆಯಲ್ಲಿ ಓಡಿಸಿ. ಭಾನುವಾರ ರಾತ್ರಿ ನಿಮ್ಮ ಕಟ್ಟಡದ ನೆಲಮಾಳಿಗೆಯ ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಿ, ಬಾಗಿಲು ತೆರೆದು ಇಳಿಯಲು ಆಗುತ್ತದಾ ನೋಡಿ. ಆ ಎರಡು ದಿನ ಫೋಟೊ ಯಾರಿಗೂ ಕಳಿಸಬೇಡಿ. ಸೋಮವಾರವೂ ಅದೇ ಕಾರು ಬೇಕು ಅನ್ನಿಸಿದರೆ ನನಗೆ ಹೇಳಿ, ಡೀಲರ್ ಹತ್ತಿರ ನಾನೂ ಬರುತ್ತೇನೆ.