ಪ್ರತಿಕ್ರಿಯೆ: 100 ಗಜದಲ್ಲಿ .357 ಗುಂಡುಗಳು ಚದುರುವುದೇಕೆ?

25 ಗಜದಲ್ಲಿ ಒಟ್ಟಾಗಿ ಬೀಳುವ ನಿಮ್ಮ .357 ಮ್ಯಾಗ್ನಮ್ ರಿವಾಲ್ವರಿನ, ನೀವೇ ತುಂಬಿದ ಸೀಸದ ಗುಂಡುಗಳು 100 ಗಜದಲ್ಲಿ ಚದುರುತ್ತಿವೆ, ತೋಟಾದೊಳಗಿನ ಮದ್ದು ಬದಲಿಸಬೇಕೇ ಎಂದು ಕೇಳಿದ್ದೀರಿ. ಮೊದಲು ಸಿಲಿಂಡರ್ (ತೋಟಾಗಳು ಕೂರುವ, ತಿರುಗುವ ಭಾಗ) ನೋಡಿ, ಮದ್ದಿನ ವಿಷಯ ಆಮೇಲೆ.

ಸಿಲಿಂಡರನ್ನು ಬಿಚ್ಚಿ, 0.358 ಇಂಚಿನ ಗುಂಡನ್ನು ಪ್ರತಿ ಚೇಂಬರಿನ (ಸಿಲಿಂಡರಿನಲ್ಲಿ ತೋಟಾ ಕೂರುವ ತೂತು) ಮುಂಬಾಯಿಗೆ ಬೆರಳಿನಿಂದ ಒತ್ತಿ. ತುಸು ಬಿಗಿಯಾಗಿ ದಾಟಬೇಕು. ತಾನಾಗಿ ಜಾರಿ ಬಿದ್ದರೆ ಗುಂಡು ಸಣ್ಣದು: ಬಿಸಿ ಅನಿಲ ಪಕ್ಕದಿಂದ ನುಗ್ಗಿ ಬ್ಯಾರೆಲ್‌ಗೆ ಸೀಸ ಮೆತ್ತುತ್ತದೆ. ಮುಂಬಾಯಿಯೇ ಬ್ಯಾರೆಲ್‌ನ ಗ್ರೂವ್‌ಗಿಂತ (ಒಳಗೋಡೆಯ ಸುರುಳಿ ಗೀರುಗಳ ಅಡ್ಡಳತೆ) ಕಿರಿದಾಗಿದ್ದರೆ ಯಾವ ಮದ್ದೂ ಅದನ್ನು ಸರಿಪಡಿಸದು. ಗನ್‌ಸ್ಮಿತ್ (ಬಂದೂಕು ರಿಪೇರಿಗಾರ) ಅದನ್ನು ರೀಮ್ ಮಾಡಬೇಕು, ಅಂದರೆ ಕೊರೆದು ಅಗಲಿಸಬೇಕು. ಚೇಂಬರುಗಳಿಗೆ ಸಂಖ್ಯೆ ಕೊಟ್ಟು ಒಂದೊಂದರಿಂದಲೇ ಹೊಡೆದು ನೋಡಿ, ಒಂದೇ ಚೇಂಬರ್ ಇಡೀ ಗುಂಪನ್ನು ಕೆಡಿಸುತ್ತಿರಬಹುದು.

ಗುಂಡುಗಳು ಮೇಲೆ-ಕೆಳಗೆ ಮಾತ್ರ ಹರಡಿದರೆ ವೇಗದ ಏರುಪೇರನ್ನು ಶಂಕಿಸಿ. ಕೇಸ್‌ಗಳ (ತೋಟಾದ ಲೋಹದ ಕವಚ) ಉದ್ದ ಬೇರೆಬೇರೆ ಇದ್ದರೆ ಕ್ರಿಂಪ್ (ಗುಂಡನ್ನು ಹಿಡಿಯಲು ಕೇಸ್‌ನ ಬಾಯಿಯನ್ನು ಒಳಕ್ಕೆ ಒತ್ತುವುದು) ಒಂದೇ ಸಮ ಬರುವುದಿಲ್ಲ. ನಿಧಾನವಾಗಿ ಉರಿಯುವ ಮದ್ದಿಗೆ ಆ ಹಿಡಿತ ತೀರಾ ಮುಖ್ಯ. ಎಲ್ಲವನ್ನೂ ಒಂದೇ ಉದ್ದಕ್ಕೆ ಟ್ರಿಮ್ ಮಾಡಿ (ಗರಿಷ್ಠ 1.290 ಇಂಚು), ಗುಂಡು ಕೂರಿಸುವುದನ್ನೂ ಕ್ರಿಂಪನ್ನೂ ಬೇರೆಬೇರೆ ಹಂತದಲ್ಲಿ ಮಾಡಿ. ಐದು ಹೊಡೆದ ಮೇಲೆ ಆರನೆಯ ತೋಟಾದ ಉದ್ದ ಅಳೆಯಿರಿ. ಮೊದಲಿಗಿಂತ ಉದ್ದ ಹೆಚ್ಚಿದ್ದರೆ ಒದೆತಕ್ಕೆ ಗುಂಡು ಮುಂದೆ ಸರಿದಿದೆ, ಹಿಡಿತ ಸಾಲದು.

ಮದ್ದಿನ ಪ್ರಮಾಣವನ್ನು ತಯಾರಕರ ಕೋಷ್ಟಕದ ಕನಿಷ್ಠ-ಗರಿಷ್ಠದೊಳಗೇ, 0.2 ಗ್ರೇನ್‌ನಂತೆ (ಮದ್ದು ತೂಗುವ ಅಳತೆ) ಬದಲಿಸಿ. ಎಚ್110 (ನಿಧಾನವಾಗಿ ಉರಿಯುವ ಒಂದು ಮದ್ದು) ಆದರೆ ಕನಿಷ್ಠಕ್ಕಿಂತ ಇಳಿಸಲೇಬೇಡಿ, ಗುಂಡು ಬ್ಯಾರೆಲ್‌ನಲ್ಲೇ ಸಿಕ್ಕಿಕೊಳ್ಳಬಹುದು.