ಸಿ ಡ್ರೈವ್‌ನ ಇಮೇಜ್ ತೆಗೆದು ಡಿ ಡ್ರೈವ್‌ನಲ್ಲಿ ಇಡುತ್ತೇನೆ. ಇದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ನಾನೂ ಇಮೇಜನ್ನು, ಅಂದರೆ ಇಡೀ ಡ್ರೈವ್‌ನ ನಕಲನ್ನು, ಹೀಗೇ ಇಡುತ್ತಿದ್ದೆ. ಸಾಫ್ಟ್‌ವೇರ್ ಮಾತು ಆಮೇಲೆ.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಕಂಪ್ಯೂಟರ್ ಪೇಟೆಯಲ್ಲಿ ಅಸೆಂಬಲ್ ಮಾಡಿಸಿದ್ದು. 1 ಟಿಬಿ ಹಾರ್ಡ್ ಡಿಸ್ಕ್, ಅದರಲ್ಲಿ ಸಿ, ಡಿ, ಇ ಅಂತ ಮೂರು ಭಾಗ (ಪಾರ್ಟಿಶನ್). 'ಮುಖ್ಯವಾದದ್ದೆಲ್ಲ ಡಿ ಯಲ್ಲಿ ಹಾಕಿ, ಸೇಫ್' ಅಂತ ಎಲ್ಲರೂ ಹೇಳುತ್ತಿದ್ದರು. ಹಾಗಾಗಿ ಪ್ರತಿ ತಿಂಗಳೂ ಸಿ ಯ ಇಮೇಜ್ ತೆಗೆದು ಡಿ ಗೆ ಹಾಕುತ್ತಿದ್ದೆ. ಒಮ್ಮೆ ವೈರಸ್ ಬಂದಾಗ ಅದೇ ಇಮೇಜ್‌ನಿಂದ ಎಲ್ಲ ಮೊದಲಿನಂತೆ ಆಯಿತು. ಅಲ್ಲಿಗೆ ನನ್ನ ನಂಬಿಕೆ ಗಟ್ಟಿಯಾಯಿತು.

ತಪ್ಪು ಆಗಿದ್ದು ಅಲ್ಲೇ. ವಿಂಡೋಸ್ ಕೆಟ್ಟರೆ ಡಿ ಉಳಿಯುತ್ತದೆ, ನಿಜ. ಆದರೆ ಸಿ, ಡಿ ಅನ್ನುವುದು ಎರಡು ಡಿಸ್ಕ್ ಅಲ್ಲ. ಡಬ್ಬಿ ಒಂದೇ, ಒಳಗಿನ ಮೋಟರ್ ಒಂದೇ. ವಹಿಯ ಮೊದಲ ಪುಟದ ಲೆಕ್ಕವನ್ನು ಅದೇ ವಹಿಯ ಕೊನೆಯ ಪುಟಕ್ಕೆ ನಕಲು ಮಾಡಿದ ಹಾಗೆ. ವಹಿಯೇ ನೀರಿಗೆ ಬಿದ್ದರೆ ಎರಡೂ ಹೋಯಿತು, ಅಲ್ವಾ? ಇದು ಅದೇ ಡಿಸ್ಕ್, ಕೆಟ್ಟರೆ ಬ್ಯಾಕಪ್ಪೂ ಹೋಗುತ್ತದೆ ಅಂತ ವಿಂಡೋಸೇ ಎಚ್ಚರಿಸುತ್ತಿತ್ತು. ನಾನು ಓದದೆ ನೆಕ್ಸ್ಟ್ ಒತ್ತುತ್ತಿದ್ದೆ.

ಒಂದು ಮಳೆಗಾಲ ಕರೆಂಟ್ ಹೋಗಿ ಬಂದು ಮಾಡುತ್ತಿದ್ದಾಗ ಡಿಸ್ಕ್ ಟಕ್ ಟಕ್ ಅನ್ನತೊಡಗಿತು. ಮರುದಿನ ಬಯಾಸ್‌ನಲ್ಲೂ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಕಾಣಲಿಲ್ಲ. ಅಪ್ಪ ಅಡಿಕೆ ತೋಟದ ಲೆಕ್ಕವನ್ನು ಹಳೇ ಚೀಟಿಗಳನ್ನು ಹುಡುಕಿ ಮತ್ತೆ ಬರೆದರು. ಅಜ್ಜಿ ಹಾಡಿದ ಹಸೆಗೆ ಕರೆಯುವ ಹಾಡು ಮಾತ್ರ ಬೇರೆಲ್ಲೂ ಇರಲಿಲ್ಲ. ಅಷ್ಟು ಹೊತ್ತಿಗೆ ಅಜ್ಜಿಯೂ ಇರಲಿಲ್ಲ.

ಆದ್ದರಿಂದ 'ಯಾವ ಸಾಫ್ಟ್‌ವೇರ್' ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಸಿ, ಡಿ ಎರಡೂ 'ಡಿಸ್ಕ್ 0' ಸಾಲಿನಲ್ಲೇ ಇದ್ದರೆ ನಿಮ್ಮ ಹತ್ತಿರ ಬ್ಯಾಕಪ್ ಇಲ್ಲ ಅಂತಲೇ ತಿಳಿಯಿರಿ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ಇಮೇಜ್ ತೆಗೆದ ಮೇಲೆ ಅದನ್ನು ಕಿತ್ತಿಡಿ. ಚುಚ್ಚಿಕೊಂಡೇ ಇದ್ದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ನನ್ನ ಇನ್ನೊಂದು ಡಿಸ್ಕ್ ತಂಗಿಯ ಮನೆಯಲ್ಲಿದೆ. ಫೋಟೋ, ಹಾಡುಗಳನ್ನು ಇಮೇಜ್ ಒಳಗೆ ಮಾತ್ರ ಬಿಡಬೇಡಿ, ಬೇರೆಯಾಗಿ ಕಾಪಿ ಮಾಡಿ. ಇಮೇಜ್ ಇರುವುದು ವಿಂಡೋಸ್, ಪ್ರೋಗ್ರಾಂ, ಸೆಟ್ಟಿಂಗ್ ಇದ್ದ ಹಾಗೇ ಮರಳಿ ಬರಲಿ ಅಂತ.

ಸಾಫ್ಟ್‌ವೇರ್ ಕೇಳಿದಿರಿ. ವಿಂಡೋಸ್‌ನದೇ ಸಿಸ್ಟಮ್ ಇಮೇಜ್ ಬೇಡ, ಮೈಕ್ರೋಸಾಫ್ಟ್ 2017ರಲ್ಲೇ ಅದನ್ನು ಮುಂದುವರಿಸದ ಸೌಲಭ್ಯಗಳ ಪಟ್ಟಿಗೆ ಸೇರಿಸಿದೆ. ನಾನು ಬಳಸುವುದು ಕ್ಲೋನ್‌ಜಿಲ್ಲಾ. ಉಚಿತ, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ. ಬಳಸಿದಷ್ಟು ಜಾಗವನ್ನು ಮಾತ್ರ ಸಾಮಾನ್ಯವಾಗಿ ಕಾಪಿ ಮಾಡುತ್ತದೆ. ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ) ಆನ್ ಇದ್ದರೆ ಹಾಗಲ್ಲ, ಇಡೀ ಪಾರ್ಟಿಶನ್ ಎತ್ತುತ್ತದೆ. ಆ ಬೀಗ ತೆಗೆಯುವ ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಇನ್ನೊಂದು: 1 ಟಿಬಿ ಡಿಸ್ಕ್‌ನ ಇಮೇಜ್ ಅನ್ನು 500 ಜಿಬಿ ಎಸ್‌ಎಸ್‌ಡಿಗೆ ಅದು ಸುಮ್ನೆ ಹಾಕುವುದಿಲ್ಲ, ಒಳಗೆ 80 ಜಿಬಿ ಮಾತ್ರ ಇದ್ದರೂ. ಡಿಸ್ಕ್ ಅಷ್ಟೇ ಅಥವಾ ಜಾಸ್ತಿ ದೊಡ್ಡದಿರಬೇಕು.

ಯಾರದಾದರೂ ಖಾಲಿ ಹಳೇ ಡಿಸ್ಕ್ ಸಿಕ್ಕರೆ ಒಮ್ಮೆ ರಿಸ್ಟೋರ್ ಮಾಡಿ ನೋಡಿ. ನಿಮ್ಮ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟೇ ಮಾಡಿ, ಗಡಿಬಿಡಿಯಲ್ಲಿ ಅದರ ಮೇಲೇ ಬರೆದುಬಿಟ್ಟೀರಿ.