ಓದುಗರ ಪ್ರಶ್ನೆ: ಮೈ ತೊಳೆದಿರಿ, ಹೊಟ್ಟೆ ತೊಳೆದಿರಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಹದಿನಾರಡಿಯ ಫೈಬರ್ ದೋಣಿಯನ್ನು ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಸಮೇತ ಸೆಕೆಂಡ್ ಹ್ಯಾಂಡ್ ಕೊಂಡೆ. ಸಮುದ್ರಕ್ಕಿಳಿಸಿ ಬಂದಾಗಲೆಲ್ಲ ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿ, ಟಾರ್ಪಾಲು ಬಿಗಿದು ಕಟ್ಟಿಡುತ್ತೇನೆ. ಆದರೂ ಮೈಮೇಲೆ ಕೈಯಾಡಿಸಿದರೆ ಸುಣ್ಣದಂಥ ಪುಡಿ. ಸೀಟಿನ ತುಂಬ ಕಪ್ಪು ಚುಕ್ಕೆ. ಈಗ ಎಂಜಿನ್ ಬೇರೆ ಬಿಸಿಯಾಗುತ್ತಿದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಎಂಜಿನ್ನಿನಿಂದಲೇ ಶುರು ಮಾಡೋಣ. ಪುಡಿ, ಚುಕ್ಕೆ ಎರಡೂ ಇನ್ನೊಂದು ತಿಂಗಳು ಕಾಯಬಲ್ಲವು. ಕಾದ ಎಂಜಿನ್ ಕಾಯುವುದಿಲ್ಲ. ನಿಮ್ಮ ಪತ್ರದಲ್ಲಿ ಸೋಪಿದೆ, ಟಾರ್ಪಾಲಿದೆ. ಎಂಜಿನ್ನಿನ ಹೊಟ್ಟೆಗೆ ಸಿಹಿನೀರು ಹಾಯಿಸಿದ ಮಾತೇ ಇಲ್ಲ. ಔಟ್‌ಬೋರ್ಡ್ ತಾನು ತಂಪಾಗಲು ಹೀರಿಕೊಳ್ಳುವುದು ದೋಣಿ ತೇಲುತ್ತಿರುವ ನೀರನ್ನೇ. ದಡಕ್ಕೆ ಬಂದು ನಿಲ್ಲಿಸಿದ ಮೇಲೆ ಒಳಗಿನ ಸಣ್ಣ ದಾರಿಗಳಲ್ಲಿ ಉಳಿದ ಉಪ್ಪುನೀರು ಆರಿ ಹರಳುಗಟ್ಟುತ್ತದೆ. ಎರಡು ವರ್ಷದ ಹರಳು ಅಲ್ಲಿ ಕೂತಿದ್ದರೆ ಆಶ್ಚರ್ಯವಿಲ್ಲ.

ಮಾಡಬೇಕಾದ್ದು ಇಷ್ಟು. ಕೆಳಗಡೆ ನೀರು ಹೀರುವ ಜಾಲರಿಗಳ ಮೇಲೆ ಕಿವಿ ಮುಚ್ಚುವ ಹಾಗೆ ಕೂರುವ ರಬ್ಬರ್ ಮಫ್ ಸಿಕ್ಕಿಸಿ, ಅದಕ್ಕೆ ಪೈಪು ಜೋಡಿಸಿ. ಮೊದಲು ನಲ್ಲಿ ತಿರುಗಿಸಿ, ಆಮೇಲೆ ಎಂಜಿನ್ ಶುರು ಮಾಡಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಪ್ರೊಪೆಲ್ಲರ್ ಹತ್ತಿರ ಯಾರೂ ಸುಳಿಯದಿರಲಿ. ಹತ್ತು ನಿಮಿಷ ಓಡಲಿ, ಎರಡು ನಿಮಿಷ ಸಾಲದು: ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ಎಂಬ ಕವಾಟ ತೆರೆದ ಮೇಲೇ ನೀರು ಎಲ್ಲ ಕಡೆಗೂ ಹೋಗುವುದು. ಕೆಲವು ಎಂಜಿನ್‌ಗಳಿಗೆ ತೊಳೆಯಲೆಂದೇ ಬೇರೆ ಪೈಪಿನ ಬಾಯಿ ಇರುತ್ತದೆ. ಅದನ್ನು ಬಳಸುವಾಗ ಎಂಜಿನ್ ಓಡಬೇಕೋ ಬೇಡವೋ ಎಂಬುದನ್ನು ಅದರ ಕೈಪಿಡಿಯಲ್ಲೇ ನೋಡಿಕೊಳ್ಳಿ.

ಓಡುವಾಗ ಪಕ್ಕದ ತೂತಿನಿಂದ ಚಿಮ್ಮುವ ನೀರಿನ ಎಳೆ ಗಮನಿಸಿ. ಸಣ್ಣಗಿದ್ದರೆ ಎಂಜಿನ್ ಆರಿಸಿ, ತೂತಿಗೆ ತೆಳು ತಂತಿ ಆಡಿಸಿ. ಉಪ್ಪೋ ಹುಳದ ಗೂಡೋ ಕಟ್ಟಿರಬಹುದು. ಆಗಲೂ ಬಲ ಬರದಿದ್ದರೆ ನೀರೆತ್ತುವ ಇಂಪೆಲ್ಲರ್ ಸವೆದಿದೆ ಎಂದು ಅನುಮಾನಿಸಿ. ಅದು ರಬ್ಬರಿನ ಪುಟ್ಟ ಚಕ್ರ. ನೀರಿಲ್ಲದೆ ತಿರುಗಿದರೆ ಕೆಲವೇ ಸೆಕೆಂಡುಗಳಲ್ಲಿ ಹಾಳು.

ಇದನ್ನು ನಾನು ಓದಿ ಕಲಿತದ್ದಲ್ಲ. ಗೆಳೆಯರೊಬ್ಬರಿಗೆ ಹೊಸ ಎಂಜಿನ್ನಿನ ಸದ್ದು ಕೇಳಿಸುವ ಹುಮ್ಮಸ್ಸಿನಲ್ಲಿ ಒಣ ನೆಲದ ಮೇಲೇ ಶುರು ಮಾಡಿದ್ದೆ. ಸದ್ದು ಚೆನ್ನಾಗಿಯೇ ಇತ್ತು. ತಿಂಗಳಾದ ಮೇಲೆ ನಡುನೀರಲ್ಲಿ ಅಲಾರಂ ಕೂಗಿತು. ಪಂಪ್ ಬಿಚ್ಚಿದರೆ ಆರು ರೆಕ್ಕೆಗಳಲ್ಲಿ ಎರಡು ಮಾಯ. ಹೊಸ ಇಂಪೆಲ್ಲರ್ ಹಾಕುವುದು ಅರ್ಧ ಗಂಟೆಯ ಕೆಲಸ. ಮುರಿದ ತುಣುಕುಗಳನ್ನು ಹುಡುಕಲು ಇಡೀ ಮಧ್ಯಾಹ್ನ ಹೋಯಿತು. ಹಳೆಯದಕ್ಕೆ ಒಂದೊಂದೇ ತುಣುಕು ಜೋಡಿಸಿ ನೋಡುತ್ತ, ಕೊನೆಯ ಚೂರು ನೀರಿನ ಕೊಳವೆಯೊಳಗೆ ಸಿಕ್ಕಾಗಲೇ ಉಸಿರು ಬಿಟ್ಟದ್ದು. ಬಿಟ್ಟಿದ್ದರೆ ಅದೇ ಚೂರು ಹೊಸ ಪಂಪಿನ ದಾರಿಗೂ ಅಡ್ಡ ಬರುತ್ತಿತ್ತು.

ಇನ್ನು ಆ ಪುಡಿ. ಫೈಬರ್‌ಗ್ಲಾಸಿನ ಮೇಲಿನ ಜೆಲ್‌ಕೋಟ್ ಬಿಸಿಲಿಗೆ ಸತ್ತು ಉದುರುತ್ತಿರುವುದು ಅದು. ಬಿಸಿಲನ್ನು ತಡೆಯಬೇಕಾದ ಮೇಣವನ್ನು ನಿಮ್ಮ ಪಾತ್ರೆ ಸೋಪು ಪ್ರತಿ ಸಲ ಜಿಡ್ಡಿನೊಂದಿಗೇ ಎತ್ತಿಕೊಂಡು ಹೋಗುತ್ತಿದೆ. ನೀವು ಮೈಗಳ್ಳರಾಗಿದ್ದಿದ್ದರೆ ದೋಣಿ ಇನ್ನೂ ಸ್ವಲ್ಪ ಹೊಳೆಯುತ್ತಿತ್ತೇನೋ! ದೋಣಿಗೆಂದೇ ಸಿಗುವ ಸೌಮ್ಯ ಸೋಪು ಬಳಸಿ. ಒಮ್ಮೆ ಪಾಲಿಶ್ ಕಾಂಪೌಂಡ್‌ನಿಂದ ಸತ್ತ ಪದರ ತೆಗೆದು, ನೆರಳಿನಲ್ಲಿ ನಿಲ್ಲಿಸಿ, ಎರಡೆರಡು ಅಡಿಯಂತೆ ವ್ಯಾಕ್ಸ್ ಹಚ್ಚಿ. ಆಮೇಲೆ ವರ್ಷಕ್ಕೆರಡು ಸಲ ವ್ಯಾಕ್ಸ್ ಸಾಕು. ಸ್ಟೀಲ್ ಉಲ್ಲನ್ ಹತ್ತಿರ ತರಲೇಬೇಡಿ. ಅದರ ಎಳೆಗಳು ಸಿಕ್ಕಿಕೊಂಡು ಆಮೇಲೆ ತುಕ್ಕಿನ ಚುಕ್ಕೆ ಏಳುತ್ತವೆ.

ಸೀಟಿನದು ಬೂಷ್ಟು. ಒದ್ದೆ ಆರುವ ಮೊದಲೇ ಬಿಗಿಯಾಗಿ ಮುಚ್ಚಿದರೆ ಒಳಗೆ ಬೆವರುತ್ತದೆ. ಮೆತ್ತೆಗಳನ್ನು ಎತ್ತಿ ಅಂಚಿನ ಮೇಲೆ ನಿಲ್ಲಿಸಿ, ಟಾರ್ಪಾಲಿನಡಿ ಗಾಳಿಯಾಡಲು ಸಂದು ಬಿಡಿ, ನಡುವೆ ಒಂದು ಕಂಬ ಕೊಟ್ಟು ಮಳೆನೀರು ಜಾರುವಂತೆ ಮಾಡಿ. ಬ್ಲೀಚ್ ಹಾಕಿದರೆ ಚುಕ್ಕೆ ಹೋಗುತ್ತದೆ ನಿಜ, ಜೊತೆಗೆ ಹೊಲಿಗೆಯ ದಾರವೂ ಹೋಗುತ್ತದೆ. ದೋಣಿ ನೆಲದ ಮೇಲಿರುವಾಗ ಹಿಂಬದಿಯ ಡ್ರೇನ್ ಪ್ಲಗ್ ಬಿಚ್ಚಿ ಮೂತಿ ಎತ್ತರಿಸಿಡಿ. ಬಿಚ್ಚಿದ ಪ್ಲಗ್ಗನ್ನು ನಾನು ಎಂಜಿನ್ ಕೀಲಿಯ ಗೊಂಚಲಿಗೇ ಸಿಕ್ಕಿಸುತ್ತೇನೆ. ಹಾಕಲು ಮರೆತು ನೀರಿಗಿಳಿಸಿದವರು ಕಡಿಮೆಯಿಲ್ಲ.

ಪ್ರಶ್ನೆ: ನನ್ನ ದೋಣಿ ಸಿಹಿನೀರಿನ ಸರೋವರದಲ್ಲೇ ಇರುತ್ತದೆ. ಎಂಜಿನ್ನಿನ ಸತುವಿನ ಆನೋಡ್ ಮೂರು ವರ್ಷವಾದರೂ ಹೊಸದರಂತಿದೆ. ಒಳ್ಳೆಯ ಮಾಲು ಅಂದುಕೊಳ್ಳಲೇ?

ಉತ್ತರ: ಬೇಡ. ಆನೋಡ್ ಎಂಬ ಲೋಹದ ತುಂಡು ಇರುವುದೇ ಎಂಜಿನ್ನಿನ ಬದಲು ತಾನು ಸವೆಯಲು. ಅದು ಸವೆಯುತ್ತಿಲ್ಲ ಎಂದರೆ ಎಂಜಿನ್ನಿನ ಅಲ್ಯೂಮಿನಿಯಂಗೆ ಕಾವಲೇ ಇಲ್ಲ. ಸಿಹಿನೀರಲ್ಲಿ ಸತು ಮೇಲೆ ಪದರ ಕಟ್ಟಿಕೊಂಡು ಸುಮ್ಮನಾಗಿಬಿಡುತ್ತದೆ. ಅಲ್ಲಿಗೆ ಮೆಗ್ನೀಸಿಯಂ ಹಾಕಿ. ಅದೇ ಮೆಗ್ನೀಸಿಯಂ ಸಮುದ್ರದಲ್ಲಿ ಬೇಗ ಕರಗಿಹೋಗುತ್ತದೆ, ನೆನಪಿರಲಿ. ಕೂರಿಸುವ ಜಾಗವನ್ನು ಲೋಹ ಹೊಳೆಯುವವರೆಗೆ ಕೆರೆಯಿರಿ, ಆನೋಡಿಗೆ ಬಣ್ಣ ಬಳಿಯಬೇಡಿ, ಅರ್ಧ ಸವೆದಾಗ ಬದಲಿಸಿ.

ಪ್ರಶ್ನೆ: ದೋಣಿಯ ತಳದಲ್ಲಿ ನೀರು ನಿಲ್ಲುವ ಬಿಲ್ಜ್‌ನಲ್ಲಿ ಎಣ್ಣೆ ತೇಲುತ್ತಿದೆ. ಸೋಪು ಸುರಿದು ಪಂಪ್ ಮಾಡಿ ಹೊರಗೆ ಬಿಡಬಹುದೇ?

ಉತ್ತರ: ಖಂಡಿತ ಬೇಡ. ಸೋಪು ಎಣ್ಣೆಯನ್ನು ಒಡೆದು ಕಣ್ಣಿಗೆ ಮರೆಮಾಡುತ್ತದೆ ಅಷ್ಟೇ, ನೀರಿಗೆ ಸೇರುವುದು ಅದೇ ಎಣ್ಣೆ. ಎಣ್ಣೆ ಹೀರುವ ಪ್ಯಾಡ್ ಹಾಸಿ. ಎಲ್ಲಿಂದ ಸೋರುತ್ತಿದೆ ಎಂದೂ ಹುಡುಕಿ.

ಪ್ರಶ್ನೆ: ಗೇರ್ ಆಯಿಲ್ ಬದಲಿಸುವಾಗ ಹಾಲಿನ ಬಣ್ಣದ್ದು ಬಂತು. ಹೊಸದು ತುಂಬಿಸಿದ್ದೇನೆ. ಸಾಕೇ?

ಉತ್ತರ: ಸಾಲದು. ನೀರು ನುಗ್ಗಿದೆ, ನುಗ್ಗಿದ ದಾರಿ ಇನ್ನೂ ತೆರೆದೇ ಇದೆ. ಪ್ರೊಪೆಲ್ಲರ್ ಬಿಚ್ಚಿ ಶಾಫ್ಟಿನ ಬುಡ ನೋಡಿ. ಮೀನಿನ ಗಾಳದ ದಾರ ಅಲ್ಲಿ ಸುತ್ತಿಕೊಂಡು ನೀರು ತಡೆಯುವ ಸೀಲ್ ಕೊಯ್ಯುವುದು ಮಾಮೂಲು. ಸೀಲ್ ಬದಲಿಸಿದ ಮೇಲೆ ಎಣ್ಣೆಯನ್ನು ಕೈಪಂಪಿನಿಂದ ಕೆಳಗಿನ ತೂತಿನ ಮೂಲಕ ಏರಿಸಿ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಎಣ್ಣೆ ಇಣುಕಿದಾಗ ಮೊದಲು ಮೇಲಿನ ಸ್ಕ್ರೂ ಬಿಗಿದು, ಆಮೇಲೆ ಕೆಳಗಿನ ಪಂಪ್ ತೆಗೆದು ಅಲ್ಲಿಯ ಸ್ಕ್ರೂ ಹಾಕಿ. ಎರಡಕ್ಕೂ ಹೊಸ ವಾಷರ್ ಇರಲಿ; ಒಮ್ಮೊಮ್ಮೆ ನೀರು ನುಗ್ಗುವುದು ಹಳೆಯ ವಾಷರಿನಿಂದಲೇ.